ಕುದುರೆ ಕೊಟ್ಟು ಬಿಡಿಸಿಕೊಂಡ ಕೂಸು ಕೃಷಿ ಕಾಲೇಜಿನ ಮೇಷ್ಟ್ರಾದ ಕಥೆ: ಶೇಂಗಾ ವಿಜ್ಞಾನಿ ಕಾರ್ವರ್

ಶೇಂಗಾ ವಿಷಯದಲ್ಲಿ ನಮ್ಮ ಕಡೆ ಜನಕ್ಕೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಬಿತ್ತೋರು, ಕೀಳೋರು, ಮಂಡಿಗೆ ತರೋರು, ಎಣ್ಣೆ ತೆಗೆಯೋರು, ಹಿಂಡಿ ಮಾರೋರು ಎಲ್ಲಾ ಇಲ್ಲೇ ಇದ್ದೀವಿ. ಆದ್ರೆ ಶೇಂಗಾ ಅಂದ ಕೂಡ್ಲೆ ಅಮೆರಿಕದಲ್ಲಿ ಮಕ್ಕಳೂ ಹೇಳುವ ಒಂದು ಹೆಸರಿದೆ. ಅದು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಪೀನಟ್ ಬಟರ್ ಕಂಡುಹಿಡಿದವರು ಇವರೇ ಅಂತ ವಾಟ್ಸಾಪಿನಲ್ಲಿ ಇವರ ಫೋಟೋ ಆಗಾಗ ಓಡಾಡುತ್ತೆ. ಆ ಮಾತು ತಪ್ಪು. ಅವರು ನಿಜವಾಗಿ ಮಾಡಿದ ಕೆಲಸ ಅದಕ್ಕಿಂತ ದೊಡ್ಡದು, ರೈತನಿಗೆ ಹತ್ತಿರವಾದದ್ದು. ಅದನ್ನು ಹೇಳೋಕೇ ಈ ಬರಹ.

ಕೂಸಿನ ಬೆಲೆ ಒಂದು ಕುದುರೆ

ಕಾರ್ವರ್ ಹುಟ್ಟಿದ್ದು ಸುಮಾರು 1864ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಡೈಮಂಡ್ ಎಂಬ ಊರಿನ ಹತ್ತಿರ. ತಾರೀಖು ಯಾರೂ ಬರೆದಿಡಲಿಲ್ಲ. ಯಾಕಂದ್ರೆ ತಾಯಿ ಮೇರಿ ಗುಲಾಮಳು. ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತ ಆಕೆಯನ್ನು ದುಡ್ಡು ಕೊಟ್ಟು ಕೊಂಡಿದ್ದ. ಆಗ ಅಲ್ಲಿ ಅಂತರ್ಯುದ್ಧದ ಕಾಲ. ರಾತ್ರಿ ಹೊತ್ತು ದಾಳಿಕೋರರು ಬಂದು ಗುಲಾಮರನ್ನು ಕದ್ದೊಯ್ದು ಬೇರೆ ಕಡೆ ಮಾರೋದು ನಡೀತಿತ್ತು. ಹಂಗೇ ಒಂದು ರಾತ್ರಿ ತಾಯಿ ಮತ್ತು ಹಾಲುಗೂಸು ಇಬ್ಬರನ್ನೂ ಹೊತ್ತೊಯ್ದರು.

ಮೋಸೆಸ್ ಅವರನ್ನು ಹುಡುಕೋಕೆ ಒಬ್ಬನನ್ನು ಕಳಿಸಿದ. ತಾಯಿ ಸಿಗಲೇ ಇಲ್ಲ. ಕೂಸು ಮಾತ್ರ ಸಿಕ್ಕಿತು, ಅದೂ ನಾಯಿಕೆಮ್ಮು ಹಿಡಿದು ಸಾಯೋ ಸ್ಥಿತಿಯಲ್ಲಿ. ಕೂಸನ್ನು ತಂದುಕೊಟ್ಟಿದ್ದಕ್ಕೆ ಮೋಸೆಸ್ ತನ್ನ ಲಾಯದ ಒಂದು ಓಟದ ಕುದುರೆ ಕೊಟ್ಟ. ಅದರ ಬೆಲೆ ಆಗ 300 ಡಾಲರ್ ಅಂತ ಹೇಳ್ತಾರೆ. ಒಂದು ಜೀವಕ್ಕೆ ಒಂದು ಕುದುರೆ ಅನ್ನೋ ಲೆಕ್ಕದಲ್ಲಿ ಶುರುವಾದ ಬದುಕು ಇದು.

ಗುಲಾಮಗಿರಿ ರದ್ದಾದ ಮೇಲೆ ಮೋಸೆಸ್ ಮತ್ತು ಅವನ ಹೆಂಡತಿ ಸೂಸನ್ ಆ ಹುಡುಗನನ್ನೂ ಅವನ ಅಣ್ಣ ಜಿಮ್‌ನನ್ನೂ ಮನೆಯಲ್ಲೇ ಸಾಕಿದರು. ಹುಡುಗ ಬಡಕಲು. ಹೊಲದ ಭಾರದ ಕೆಲಸ ಆಗ್ತಿರಲಿಲ್ಲ. ಹಾಗಾಗಿ ಸೂಸನ್ ಜೊತೆ ಅಡುಗೆ, ಬಟ್ಟೆ ಒಗೆಯೋದು, ಹೊಲಿಗೆ ಕಲಿತ. ಬಿಡುವು ಸಿಕ್ಕಾಗೆಲ್ಲ ಗಿಡಗಳ ಹಿಂದೆ. ಒಣಗಿದ ಗಿಡವನ್ನು ಚಿಗುರಿಸಿ ಕೊಡೋನು ಅಂತ ಅಕ್ಕಪಕ್ಕದವರು ಅವನಿಗೆ ಗಿಡದ ಡಾಕ್ಟರ್ ಅಂತಲೇ ಹೆಸರಿಟ್ಟಿದ್ದರು.

ಶಾಲೆಗಾಗಿ ಊರೂರು

ಡೈಮಂಡಿನ ಶಾಲೆಯಲ್ಲಿ ಕಪ್ಪು ಮಕ್ಕಳಿಗೆ ಜಾಗ ಇರಲಿಲ್ಲ. ಅವರಿಗೆ ಶಾಲೆ ಇದ್ದದ್ದು ಸುಮಾರು 13 ಕಿಲೋಮೀಟರ್ ದೂರದ ನಿಯೋಶೋದಲ್ಲಿ. ಹನ್ನೊಂದು ಹನ್ನೆರಡು ವರ್ಷದ ಹುಡುಗ ಒಬ್ಬನೇ ಅಲ್ಲಿಗೆ ಹೋದ. ಮರಿಯಾ ವಾಟ್ಕಿನ್ಸ್ ಎಂಬ ಸೂಲಗಿತ್ತಿ ತನ್ನ ಮನೆಯಲ್ಲಿ ಇಟ್ಟುಕೊಂಡಳು. ಅಲ್ಲಿಂದ ಮುಂದೆ ಕ್ಯಾನ್ಸಸ್ ರಾಜ್ಯದ ಊರೂರು ತಿರುಗಿ, ಬಟ್ಟೆ ಒಗೆದು, ಅಡುಗೆ ಮಾಡಿ, ಹೈಸ್ಕೂಲು ಮುಗಿಸಿದ.

1885ರಲ್ಲಿ ಕ್ಯಾನ್ಸಸ್‌ನ ಹೈಲ್ಯಾಂಡ್ ಎಂಬಲ್ಲಿನ ಕಾಲೇಜಿಗೆ ಅರ್ಜಿ ಹಾಕಿದ. ಸೀಟು ಸಿಕ್ಕಿದೆ ಅಂತ ಕಾಗದ ಬಂತು. ಖುಷಿಯಿಂದ ಗಂಟುಮೂಟೆ ಕಟ್ಟಿಕೊಂಡು ಹೋದ. ಎದುರಿಗೆ ನಿಂತವನ ಮೈಬಣ್ಣ ನೋಡಿದ ಕೂಡಲೇ ಅಲ್ಲಿನವರು ಸೀಟು ಇಲ್ಲ ಅಂದುಬಿಟ್ಟರು. ಕಾಗದದ ಮೇಲಿದ್ದ ಅಂಕಗಳು ಬಾಗಿಲ ಹತ್ತಿರ ಬೆಲೆ ಕಳಕೊಂಡವು.

ಬೇಸತ್ತ ಯುವಕ ಓದು ಬಿಟ್ಟು ಬೇಸಾಯಕ್ಕೆ ಇಳಿದ. 1886ರಲ್ಲಿ ಕ್ಯಾನ್ಸಸ್‌ನ ಬೀಲರ್ ಹತ್ತಿರ ಸರ್ಕಾರಿ ಜಮೀನು ಹಿಡಿದು, ಹುಲ್ಲು ಸಮೇತ ಕಿತ್ತ ಮಣ್ಣಿನ ಹೆಂಟೆಗಳಲ್ಲೇ ಮನೆ ಕಟ್ಟಿದ. ಎತ್ತಿಲ್ಲ, ಕುದುರೆ ಇಲ್ಲ. ಆದರೂ 17 ಎಕರೆಯನ್ನು ಕೈಯಿಂದಲೇ ಹಸನು ಮಾಡಿ ಮೆಕ್ಕೆಜೋಳ, ತರಕಾರಿ ಬೆಳೆದ. ಮಳೆ ಕೈಕೊಟ್ಟರೆ ಏನಾಗುತ್ತೆ, ಉಳೋಕೆ ಪ್ರಾಣಿ ಇಲ್ಲದ ರೈತನ ಬೆನ್ನು ಎಷ್ಟು ನೋಯುತ್ತೆ ಅನ್ನೋದನ್ನು ಕಾಲೇಜಿಗೆ ಹೋಗೋ ಮೊದಲೇ ಅವನು ಕಲಿತುಬಿಟ್ಟಿದ್ದ. 1888ರಲ್ಲಿ 300 ಡಾಲರ್ ಸಾಲ ಎತ್ತಿ, ಮತ್ತೆ ಓದಿನ ದಾರಿ ಹಿಡಿದ.

ಚಿತ್ರಕಲೆಯಿಂದ ಕೃಷಿಗೆ

1890ರಲ್ಲಿ ಐಯೋವಾ ರಾಜ್ಯದ ಇಂಡಿಯಾನೋಲಾ ಊರಿನ ಸಿಂಪ್ಸನ್ ಕಾಲೇಜು ಕಾರ್ವರ್ ಅವರನ್ನು ಸೇರಿಸಿಕೊಂಡಿತು. ಓದೋಕೆ ಹೋಗಿದ್ದು ಚಿತ್ರಕಲೆ ಮತ್ತು ಪಿಯಾನೋ. ಖರ್ಚಿಗೆ ಸಹಪಾಠಿಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡ್ತಿದ್ದರು. ಅವರು ಬರೆಯೋ ಚಿತ್ರಗಳಲ್ಲೆಲ್ಲ ಹೂವು, ಗಿಡವೇ ಇರೋದನ್ನು ಚಿತ್ರಕಲೆಯ ಶಿಕ್ಷಕಿ ಎಟ್ಟಾ ಬಡ್ ಗಮನಿಸಿದರು. ಕಪ್ಪು ಯುವಕ ಚಿತ್ರ ಬರೆದು ಹೊಟ್ಟೆ ಹೊರೆಯೋದು ಕಷ್ಟ ಅನ್ನೋ ಚಿಂತೆಯೂ ಅವರಿಗಿತ್ತು. ಅವರ ತಂದೆ ಏಮ್ಸ್ ಊರಿನ ಐಯೋವಾ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆ ಪ್ರೊಫೆಸರು. ಅಲ್ಲಿಗೆ ಹೋಗು ಅಂತ ಮೇಡಂ ಒತ್ತಾಯ ಮಾಡಿದರು.

ಕಾರ್ವರ್‌ಗೆ ಚಿತ್ರಕಲೆ ಬಿಡೋದು ಸುಲಭ ಇರಲಿಲ್ಲ. ಆದರೆ ಗುಲಾಮಗಿರಿಯಿಂದ ಬಿಡುಗಡೆಯಾದ ತನ್ನ ಜನರಲ್ಲಿ ಬಹುಪಾಲು ಮಂದಿ ಇನ್ನೂ ಹೊಲದಲ್ಲೇ ದುಡೀತಿದ್ದರು. ಅವರಿಗೆ ಬೇಕಾಗಿರೋದು ಬೇಸಾಯದ ವಿದ್ಯೆ ಅಂತ ತೀರ್ಮಾನಿಸಿ 1891ರಲ್ಲಿ ಏಮ್ಸ್‌ಗೆ ಹೊರಟರು.

ನೆಲಮಾಳಿಗೆಯ ಊಟ

ಏಮ್ಸ್ ಕಾಲೇಜಿನ ಹಿನ್ನೆಲೆ ಸ್ವಲ್ಪ ಹೇಳಬೇಕು. 1862ರಲ್ಲಿ ಅಮೆರಿಕ ಸರ್ಕಾರ ಒಂದು ಕಾನೂನು ತಂದು, ರಾಜ್ಯಗಳಿಗೆ ಸರ್ಕಾರಿ ಜಮೀನು ಕೊಟ್ಟಿತು. ಅದನ್ನು ಮಾರಿ ಬಂದ ದುಡ್ಡಿನಲ್ಲಿ ರೈತರ, ಕೆಲಸಗಾರರ ಮಕ್ಕಳಿಗೆ ಕಾಲೇಜು ನಡೆಸಬೇಕು. ಅಲ್ಲಿ ಕೃಷಿ, ಯಂತ್ರವಿದ್ಯೆ ಜೊತೆಗೆ ಸೈನಿಕ ಕವಾಯತೂ ಕಲಿಸಬೇಕು ಅನ್ನೋದು ಷರತ್ತು. ಏಮ್ಸ್ ಅಂಥ ಕಾಲೇಜು. ಪಶುವೈದ್ಯಕೀಯ ಕಲಿಸಲು ಅಮೆರಿಕದಲ್ಲಿ ಸರ್ಕಾರಿ ವಲಯದ ಮೊದಲ ಶಾಲೆ 1879ರಲ್ಲಿ ಶುರುವಾಗಿದ್ದೂ ಇಲ್ಲೇ. ಹೈನುಗಾರಿಕೆ, ತೋಟಗಾರಿಕೆ, ಸಸ್ಯಶಾಸ್ತ್ರ, ಕೀಟಶಾಸ್ತ್ರ ಎಲ್ಲವೂ ಒಂದೇ ಆವರಣದಲ್ಲಿದ್ದವು.

ಅಲ್ಲಿ ಓದಿದ ಮೊದಲ ಕಪ್ಪು ವಿದ್ಯಾರ್ಥಿ ಕಾರ್ವರ್. ಹೋದ ಹೊಸದರಲ್ಲಿ ಹಾಸ್ಟೆಲಿನಲ್ಲಿ ರೂಮು ಕೊಡಲಿಲ್ಲ. ಪ್ರೊಫೆಸರುಗಳು ಒಂದು ಹಳೇ ಕಚೇರಿ ಕೋಣೆಯನ್ನು ಖಾಲಿ ಮಾಡಿಸಿ ಮಲಗೋಕೆ ವ್ಯವಸ್ಥೆ ಮಾಡಿದರು. ಊಟದ ಹಾಲ್‌ನಲ್ಲಿ ಬಿಳಿ ಹುಡುಗರ ಜೊತೆ ಕೂರುವಂತಿಲ್ಲ. ನೆಲಮಾಳಿಗೆಯಲ್ಲಿ ಹೊಲದ ಆಳುಗಳ ಜೊತೆ ಉಣ್ಣಬೇಕು. ಈ ಸುದ್ದಿ ಕೇಳಿ ಇಂಡಿಯಾನೋಲಾದಲ್ಲಿ ಅವರಿಗೆ ಪರಿಚಯವಿದ್ದ ಬಿಳಿಯ ಹೆಂಗಸೊಬ್ಬರು ರೈಲು ಹತ್ತಿ ಬಂದರು. ಎಲ್ಲರಿಗೂ ಕಾಣುವಂತೆ ಕಾರ್ವರ್ ಜೊತೆ ಕ್ಯಾಂಪಸ್ಸೆಲ್ಲ ಸುತ್ತಾಡಿದರು. ಊಟದ ಹೊತ್ತಿಗೆ ಅವರ ಜೊತೆ ನೆಲಮಾಳಿಗೆಗೇ ಇಳಿದು ಕೂತರು. ಆಮೇಲೆ ಆ ಕಾಲೇಜಿನ ಗಾಳಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿತು.

ಕಾರ್ವರ್ ಅಲ್ಲಿ ಬರೀ ಪುಸ್ತಕದ ಹುಳು ಆಗಿರಲಿಲ್ಲ. ಕವಾಯತಿನಲ್ಲಿ ಮೇಲಕ್ಕೇರಿ ವಿದ್ಯಾರ್ಥಿ ಪಡೆಯ ಕ್ಯಾಪ್ಟನ್ ಆದರು. ಫುಟ್‌ಬಾಲ್ ತಂಡದ ಹುಡುಗರ ಮೈಕೈ ಉಳುಕಿದರೆ ನೀವಿ ಸರಿಮಾಡೋರು ಇವರೇ. ಚಿತ್ರಕಲೆಯನ್ನೂ ಬಿಡಲಿಲ್ಲ. ಅವರು ಬರೆದ ಕಳ್ಳಿ ಗಿಡದ ಚಿತ್ರವೊಂದಕ್ಕೆ 1893ರ ಷಿಕಾಗೋ ವಿಶ್ವ ಮೇಳದಲ್ಲಿ ಮೆಚ್ಚುಗೆ ಸಿಕ್ಕಿತು. ಅದಕ್ಕೂ ಮೊದಲು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗಲು ದುಡ್ಡಿಲ್ಲದೆ ಸುಮ್ಮನಿದ್ದಾಗ, ಸಹಪಾಠಿಗಳೇ ಚಂದಾ ಎತ್ತಿ ಹೊಸ ಸೂಟು ಹೊಲಿಸಿ, ಟಿಕೆಟ್ ಕೈಗಿಟ್ಟು ಕಳಿಸಿದ್ದರು. ನೆಲಮಾಳಿಗೆಗೆ ತಳ್ಳಿದ ಕಾಲೇಜಿನ ಹುಡುಗರೇ ಇವರು ಅನ್ನೋದನ್ನು ಮರೀಬಾರದು.

ಓದಿನಲ್ಲಿ ಅವರ ಕೈ ಹೆಚ್ಚು ಓಡಿದ್ದು ಗಿಡಗಳಿಗೆ ಕಸಿ ಕಟ್ಟೋದರಲ್ಲಿ, ಬೆಳೆಗೆ ಬರುವ ಬೂಷ್ಟು ರೋಗಗಳನ್ನು ಗುರುತಿಸೋದರಲ್ಲಿ. 1894ರಲ್ಲಿ ಪದವಿ ಮುಗೀತು. ಸಸ್ಯಶಾಸ್ತ್ರದ ಪ್ರೊಫೆಸರ್ ಲೂಯಿಸ್ ಪ್ಯಾಮೆಲ್ ಅವರನ್ನು ಬಿಡಲಿಲ್ಲ. ಗಿಡಮನೆಯ ಉಸ್ತುವಾರಿ ಕೊಟ್ಟು, ಪಾಠ ಮಾಡೋಕೂ ಹಚ್ಚಿದರು. 1896ರಲ್ಲಿ ಸ್ನಾತಕೋತ್ತರ ಪದವಿಯೂ ಬಂತು.

ಏಮ್ಸ್‌ನಲ್ಲಿ ಇನ್ನೊಂದು ನಂಟು ಬೆಳೀತು. ಹೈನುಗಾರಿಕೆ ಕಲಿಸುತ್ತಿದ್ದ ಹೆನ್ರಿ ಸಿ. ವ್ಯಾಲೇಸ್ ಅವರ ಪುಟ್ಟ ಮಗ ಕಾರ್ವರ್ ಹಿಂದೆ ಹಿಂದೆ ಓಡಾಡ್ತಿದ್ದ. ಕಾರ್ವರ್ ಅವನನ್ನು ಹುಲ್ಲುಗಾವಲಿಗೆ ಕರಕೊಂಡು ಹೋಗಿ ಹೂವಿನ ಭಾಗ, ಹುಲ್ಲಿನ ಜಾತಿ ತೋರಿಸ್ತಿದ್ದರು. ಆ ಹುಡುಗ ಹೆನ್ರಿ ಎ. ವ್ಯಾಲೇಸ್ ಮುಂದೆ ಹೈಬ್ರಿಡ್ ಮೆಕ್ಕೆಜೋಳದ ಬೀಜದ ಕಂಪನಿ ಕಟ್ಟಿದ. 1933ರಲ್ಲಿ ಅಮೆರಿಕದ ಕೃಷಿ ಮಂತ್ರಿ, 1941ರಲ್ಲಿ ಉಪಾಧ್ಯಕ್ಷ ಆದ. ಅವನ ತಂದೆಯೂ, ಕಾರ್ವರ್ ಅವರ ಇನ್ನೊಬ್ಬ ಮೇಷ್ಟ್ರು ಜೇಮ್ಸ್ ವಿಲ್ಸನ್ ಅವರೂ ಆ ದೇಶದ ಕೃಷಿ ಮಂತ್ರಿಗಳಾದವರೇ.

ಟಸ್ಕೀಗಿಯ ಕರೆ

ಏಮ್ಸ್‌ನಲ್ಲೇ ಉಳಿದಿದ್ದರೆ ಕಾರ್ವರ್ ಬದುಕು ಆರಾಮಾಗಿ ಸಾಗ್ತಿತ್ತು. ಒಳ್ಳೇ ಗಿಡಮನೆ, ಒಳ್ಳೇ ಪ್ರಯೋಗಾಲಯ, ಗೌರವ ಎಲ್ಲಾ ಇತ್ತು. ಅಷ್ಟರಲ್ಲಿ ದಕ್ಷಿಣದ ಅಲಬಾಮಾ ರಾಜ್ಯದಿಂದ ಬೂಕರ್ ಟಿ. ವಾಷಿಂಗ್ಟನ್ ಅವರ ಕಾಗದ ಬಂತು. ಅವರು 1881ರಿಂದ ಟಸ್ಕೀಗಿ ಎಂಬಲ್ಲಿ ಕಪ್ಪು ಮಕ್ಕಳಿಗಾಗಿ ವಿದ್ಯಾಸಂಸ್ಥೆ ನಡೆಸುತ್ತಿದ್ದರು. ಕೃಷಿ ವಿಭಾಗಕ್ಕೆ ಓದಿದ ಕಪ್ಪು ಮೇಷ್ಟ್ರು ಬೇಕಿತ್ತು. 1896ರ ಅಕ್ಟೋಬರಿನಲ್ಲಿ ಕಾರ್ವರ್ ಅಲ್ಲಿಗೆ ಹೋದರು. ಸಂಬಳ ವರ್ಷಕ್ಕೆ 1,000 ಡಾಲರ್. ಸಾಯೋವರೆಗೂ ಅಲ್ಲೇ ಇದ್ದರು.

ಹೋಗಿ ನೋಡಿದರೆ ಪ್ರಯೋಗಾಲಯವೇ ಇಲ್ಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಸದ ಗುಡ್ಡೆಗಳಲ್ಲಿ ಬಾಟಲಿ, ಡಬ್ಬ, ಹಳೇ ದೀಪ ಆರಿಸಿ ತಂದು ಸಲಕರಣೆ ಮಾಡಿಕೊಂಡರು. ಪಾಠ ಹೇಳೋದರ ಜೊತೆ ಸಂಸ್ಥೆಯ ಹೊಲಗಳು, ಹಸುಗಳ ಕೊಟ್ಟಿಗೆ, ಕೋಳಿ ಫಾರಂ ಎಲ್ಲದರ ಜವಾಬ್ದಾರಿಯೂ ಇವರ ತಲೆಗೇ ಬಂತು. 1897ರಲ್ಲಿ ಅಲಬಾಮಾ ಸರ್ಕಾರ ಟಸ್ಕೀಗಿಯಲ್ಲಿ ಪ್ರಯೋಗ ಕೇಂದ್ರ ನಡೆಸೋಕೆ ವರ್ಷಕ್ಕೆ 1,500 ಡಾಲರ್ ಮಂಜೂರು ಮಾಡಿತು.

ಹತ್ತಿ, ಸಾಲ, ಅಂಗಡಿ ಖಾತೆ

ಸುತ್ತಲಿನ ರೈತರ ಪಾಡು ಕೇಳುವಂತಿರಲಿಲ್ಲ. ಬಹಳಷ್ಟು ಮಂದಿ ಬೇರೆಯವರ ಜಮೀನನ್ನು ಕೋರಿಗೆ ಮಾಡೋರು. ವರ್ಷ ವರ್ಷವೂ ಹತ್ತಿ, ಬರೀ ಹತ್ತಿ. ಮಣ್ಣಿನ ಸಾರ ಹೋಗಿ, ಮಳೆಗೆ ಮೇಲ್ಮಣ್ಣು ಕೊಚ್ಚಿ, ಹೊಲಗಳಲ್ಲಿ ಕೊರಕಲು ಬಿದ್ದಿತ್ತು.

ಹತ್ತಿ ಬಿಟ್ಟು ಬೇರೆ ಬೆಳೆಯಬಹುದಿತ್ತಲ್ಲ ಅನ್ನಬಹುದು. ಅಲ್ಲೇ ಇತ್ತು ಗಂಟು. ಬಿತ್ತನೆ ಕಾಲಕ್ಕೆ ಬೀಜ, ಗೊಬ್ಬರ, ಮನೆಗೆ ಹಿಟ್ಟು, ಬೆಲ್ಲದ ಪಾಕ ಎಲ್ಲವನ್ನೂ ರೈತ ಅಂಗಡಿಯಿಂದ ಉದ್ರಿ ತರೋನು. ಅಂಗಡಿಯವರು ಬರಲಿರೋ ಬೆಳೆಯನ್ನೇ ಆಧಾರ ಬರೆಸಿಕೊಂಡು ಸಾಮಾನು ಕೊಡೋರು. ಮಾರುಕಟ್ಟೆಯಲ್ಲಿ ಖಂಡಿತ ಮಾರಾಟವಾಗೋದು ಹತ್ತಿ ಮಾತ್ರ, ಹಾಗಾಗಿ ಹತ್ತಿಗೆ ಮಾತ್ರ ಉದ್ರಿ. ಅಂಗಡಿಯವರಿಗೂ ಮೇಲಿನ ಸಗಟು ವ್ಯಾಪಾರಿಯ ಸಾಲ ತೀರಿಸಬೇಕಿತ್ತು. ಸುಗ್ಗಿ ಮುಗಿದು ಲೆಕ್ಕ ನೋಡಿದರೆ ರೈತನ ಖಾತೆಯಲ್ಲಿ ಬಾಕಿ ಉಳಿದೇ ಇರ್ತಿತ್ತು. ಮುಂದಿನ ವರ್ಷ ಮತ್ತೆ ಹತ್ತಿ. ಉದ್ರಿ ಪುಸ್ತಕ ಇಟ್ಟು ವ್ಯಾಪಾರ ಮಾಡಿದ ನಮ್ಮ ಅಂಗಡಿಕಾರರಿಗೆ ಈ ಸುತ್ತು ಬಿಡಿಸಿ ಹೇಳೋದು ಬೇಡ.

ಕಾರ್ವರ್ ಇಲ್ಲಿ ಜಾಣತನದಿಂದ ಯೋಚಿಸಿದರು. ಸಾಲ ಮಾಡದೆ ರೈತ ಏನು ಮಾಡಬಹುದು? ಕೊಂಡು ತರೋ ಗೊಬ್ಬರದ ಬದಲು ಕಾಡಿನ ಎಲೆ, ಜೌಗು ಜಾಗದ ಕಪ್ಪು ಗೋಡು ತಂದು ಕೊಳೆಸಿ ಹಾಕಿ ಅಂದರು. 1898ರಲ್ಲಿ ಅವರು ಹೊರತಂದ ಮೊದಲ ಕೈಪಿಡಿಯ ವಿಷಯವೇ ಜಾನುವಾರು ಮೇವು: ಓಕ್ ಮರದ ಕೆಳಗೆ ಸುಮ್ಮನೆ ಬಿದ್ದು ಹಾಳಾಗೋ ಕಾಯಿಗಳನ್ನು ಹಂದಿಗಳಿಗೆ ತಿನ್ನಿಸಿ ಮೇವಿನ ಖರ್ಚು ಉಳಿಸೋದು ಹೇಗೆ ಅಂತ. ಅಂಥ 44 ಕೈಪಿಡಿಗಳು ಅವರ ಕಾಲದಲ್ಲಿ ಬಂದವು. ಭಾಷೆ ಸರಳ. ಅನೇಕ ಕೈಪಿಡಿಗಳಲ್ಲಿ ಬೆಳೆಯೋದು ಹೇಗೆ ಅಂತ ರೈತನಿಗೆ, ಅಡುಗೆ ಮಾಡೋದು ಹೇಗೆ ಅಂತ ಮನೆಯಾಕೆಗೆ, ಎರಡಕ್ಕೂ ಜಾಗ ಇರ್ತಿತ್ತು.

ಮಣ್ಣಿಗೆ ಸಾರ ವಾಪಸ್ ತರೋಕೆ ಅವರು ಹೇಳಿದ್ದು ದ್ವಿದಳ ಬೆಳೆ. ಮೊದಲು ಅಲಸಂದೆ, ಆಮೇಲೆ ಶೇಂಗಾ. ಇವುಗಳ ಬೇರಿನ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ, ಗೊಬ್ಬರದ ಅಂಗಡಿಗೆ ದುಡ್ಡು ಕೊಡಬೇಕಿಲ್ಲ. ಜೊತೆಗೆ ಮನೆಯವರಿಗೆ ಕಾಳು, ದನಕ್ಕೆ ಬಳ್ಳಿ. ಹೊಟ್ಟೆ ತುಂಬೋಕೆ ಗೆಣಸು. ಒಂದು ವರ್ಷ ಹತ್ತಿ ಹಾಕಿದರೆ ಇನ್ನೊಂದು ವರ್ಷ ಇವನ್ನು ಹಾಕಿ ಅಂತ ಊರೂರಲ್ಲಿ ಹೇಳಿದರು.

ಹೇಸರಗತ್ತೆ ಎಳೆದ ಕಾಲೇಜು

ರೈತ ಕಾಲೇಜಿಗೆ ಬರೋಕೆ ಆಗದಿದ್ದರೆ ಕಾಲೇಜೇ ರೈತನ ಹತ್ರ ಹೋಗಲಿ ಅಂತ ಟಸ್ಕೀಗಿಯವರು ಒಂದು ಗಾಡಿ ಮಾಡಿಸಿದರು. ಅದರ ನಕ್ಷೆ, ಒಳಗಿನ ಸಾಮಾನಿನ ಪಟ್ಟಿ ಕಾರ್ವರ್ ಅವರದು. ನ್ಯೂಯಾರ್ಕಿನ ಶ್ರೀಮಂತ ಮಾರಿಸ್ ಜೆಸಪ್ ಅವರ ನೆರವಿನಿಂದ ಆದ ಕಾರಣ ಜೆಸಪ್ ಗಾಡಿ ಅಂತಲೇ ಹೆಸರಾಯಿತು. 1906ರಲ್ಲಿ ಹೇಸರಗತ್ತೆ ಕಟ್ಟಿಕೊಂಡು ಹಳ್ಳಿಗಳ ಕಡೆ ಹೊರಟಿತು. ಅದರಲ್ಲಿ ನೇಗಿಲು, ಬೀಜ, ಮಜ್ಜಿಗೆ ಕಡೆಯೋ ಯಂತ್ರ, ಹಾಲಿನ ಕೆನೆ ತೆಗೆಯೋ ಯಂತ್ರ, ಹಾಲು ಪರೀಕ್ಷೆ ಮಾಡೋ ಸಲಕರಣೆ ಎಲ್ಲಾ ಇದ್ದವು. ಯಾವುದೋ ರೈತನ ಹೊಲದ ಬದಿಯಲ್ಲಿ ನಿಲ್ಲಿಸೋದು, ಅಕ್ಕಪಕ್ಕದವರು ಸೇರೋದು, ಅಲ್ಲೇ ಮಾಡಿ ತೋರಿಸೋದು. ಗಾಡಿ ನಡೆಸಿದ ಥಾಮಸ್ ಕ್ಯಾಂಪ್‌ಬೆಲ್ ಟಸ್ಕೀಗಿಯಲ್ಲೇ ಓದಿದವರು. ಅದೇ ವರ್ಷ ಅಮೆರಿಕದ ಕೃಷಿ ಇಲಾಖೆ ಅವರನ್ನು ವಿಸ್ತರಣಾಧಿಕಾರಿಯಾಗಿ ನೇಮಿಸಿತು. ಕಪ್ಪು ಜನರಲ್ಲಿ ಆ ಹುದ್ದೆಗೆ ಅವರೇ ಮೊದಲಿಗರು.

ಹಂಗಂತ ಕಾರ್ವರ್ ಎಲ್ಲದರಲ್ಲೂ ಗೆದ್ದರು ಅಂತ ಅಲ್ಲ. ಆಡಳಿತ ಅವರ ಕೈಗೆ ಒಗ್ಗಲಿಲ್ಲ. ಕೋಳಿ ಫಾರಂನಲ್ಲಿ ಕೋಳಿಗಳು ಸಾಯ್ತಾ ಹೋದವು, ಲೆಕ್ಕ ತಾಳೆಯಾಗಲಿಲ್ಲ. ಬೂಕರ್ ವಾಷಿಂಗ್ಟನ್ ಶಿಸ್ತಿನ ಮನುಷ್ಯ, ಬಿಡದೆ ವಿವರಣೆ ಕೇಳಿದರು. ಸಹೋದ್ಯೋಗಿ ಜಾರ್ಜ್ ಬ್ರಿಜ್‌ಫೋರ್ತ್ ಜೊತೆ ವರ್ಷಗಟ್ಟಲೆ ಜಟಾಪಟಿ ನಡೀತು. ಕಾರ್ವರ್ ಎಷ್ಟೋ ಸಲ ರಾಜೀನಾಮೆ ಬಿಸಾಕ್ತೀನಿ ಅಂತ ಹೆದರಿಸಿದ್ದೂ ಉಂಟು. ಕೊನೆಗೆ 1910ರಲ್ಲಿ ವಿಭಾಗವನ್ನೇ ಎರಡು ಮಾಡಿ, ಆಡಳಿತ ಬ್ರಿಜ್‌ಫೋರ್ತ್‌ಗೂ ಸಂಶೋಧನೆ ಕಾರ್ವರ್‌ಗೂ ಅಂತ ಹಂಚಿದರು. ಅಲ್ಲಿಂದ ಮುಂದೆ ಅವರ ಪ್ರಯೋಗಾಲಯದ ಕೆಲಸ ಬೆಳೀತು.

ಹತ್ತು ನಿಮಿಷದ ಸಾಕ್ಷಿ

ಈ ಹೊತ್ತಿಗೆ ಹತ್ತಿಕಾಯಿ ಕೊರೆಯೋ ಮೂತಿಹುಳ ಅಲಬಾಮಾಕ್ಕೆ ನುಗ್ಗಿ ಹತ್ತಿಯನ್ನು ನೆಲಕಚ್ಚಿಸಿತ್ತು. ರೈತರು, ಬ್ಯಾಂಕಿನವರು, ವ್ಯಾಪಾರಿಗಳು ಎಲ್ಲರೂ ಶೇಂಗಾ ಕಡೆ ತಿರುಗಿದರು. ಎಂಟರ್‌ಪ್ರೈಸ್ ಎಂಬ ಊರಿನವರಂತೂ ಶೇಂಗಾದಿಂದ ಚೇತರಿಸಿಕೊಂಡು, ಬೆಳೆ ಬದಲಾಯಿಸುವಂತೆ ಮಾಡಿದ ಆ ಹುಳಕ್ಕೇ 1919ರಲ್ಲಿ ಸ್ಮಾರಕ ನಿಲ್ಲಿಸಿದರು! ಈ ಬದಲಾವಣೆ ಕಾರ್ವರ್ ಒಬ್ಬರಿಂದಲೇ ಆದದ್ದಲ್ಲ. ಆದರೆ ಶೇಂಗಾ ಬೆಳೆದ ಮೇಲೆ ಏನು ಮಾಡೋದು ಅನ್ನೋ ಪ್ರಶ್ನೆಗೆ ಅವರ 1916ರ ಕೈಪಿಡಿ ಉತ್ತರ ಇಟ್ಟಿತ್ತು. ಶೇಂಗಾ ಬೆಳೆಯೋ ವಿಧಾನದ ಜೊತೆ, ಅದನ್ನು ಅಡುಗೆಗೆ ಬಳಸೋ 105 ಬಗೆ ಅದರಲ್ಲಿದ್ದವು.

1921ರಲ್ಲಿ ಹೊರದೇಶದ ಅಗ್ಗದ ಶೇಂಗಾ ಮೇಲೆ ಸುಂಕ ಹಾಕಬೇಕು ಅಂತ ಅಲ್ಲಿನ ಶೇಂಗಾ ಬೆಳೆಗಾರರು, ವ್ಯಾಪಾರಿಗಳು ಸಂಸತ್ತಿನ ಸಮಿತಿ ಮುಂದೆ ಹೋದರು. ತಮ್ಮ ಪರ ಮಾತಾಡೋಕೆ ಕಾರ್ವರ್ ಅವರನ್ನು ಕರೆಸಿದರು. ಸಿಕ್ಕಿದ್ದು ಹತ್ತು ನಿಮಿಷ. ಕೆಲವು ಸದಸ್ಯರು ಮೊದಲು ಅವರ ಬಣ್ಣ ನೋಡಿ ಕುಹಕ ಆಡಿದರು. ಕಾರ್ವರ್ ಸಿಟ್ಟಾಗದೆ ತಮ್ಮ ಪೆಟ್ಟಿಗೆ ಬಿಚ್ಚಿ, ಶೇಂಗಾ ಹಾಲು, ಹಿಟ್ಟು, ಬಣ್ಣ, ತಿಂಡಿ ಅಂತ ಒಂದೊಂದೇ ತೋರಿಸಿದರು. ಸಮಿತಿಯವರೇ ಸಮಯ ಹೆಚ್ಚಿಸುತ್ತಾ ಹೋದರು. 1922ರ ಕಾನೂನಿನಲ್ಲಿ ಶೇಂಗಾಕ್ಕೆ ಸುಂಕದ ರಕ್ಷಣೆ ಸಿಕ್ಕಿತು. ದೇಶವೆಲ್ಲಾ ಅವರ ಹೆಸರು ಗೊತ್ತಾಗಿದ್ದು ಹೀಗೆ.

ಈಗ ವಾಟ್ಸಾಪ್ ಮಾತಿಗೆ ಬರೋಣ. ಕೆನಡಾದ ಮಾರ್ಸೆಲಸ್ ಎಡ್ಸನ್ ಶೇಂಗಾ ಪೇಸ್ಟಿಗೆ 1884ರಲ್ಲೇ ಪೇಟೆಂಟ್ ಪಡೆದಿದ್ದ. ಆಗ ಕಾರ್ವರ್ ಇನ್ನೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಕಾರ್ವರ್ ಹೆಸರಲ್ಲಿರೋ ಪೇಟೆಂಟ್ ಮೂರೇ, 1925ರಿಂದ 1927ರ ನಡುವೆ ಬಂದವು, ಅವೂ ಸೌಂದರ್ಯವರ್ಧಕ ಮತ್ತು ಬಣ್ಣಕ್ಕೆ ಸೇರಿದ್ದವು. ಶೇಂಗಾದಿಂದ ಮುನ್ನೂರು ಪದಾರ್ಥ ಮಾಡಿದರು ಅನ್ನೋ ಮಾತಿದೆ. ಆದರೆ ಅವುಗಳಲ್ಲಿ ಮಾರುಕಟ್ಟೆಯಲ್ಲಿ ನಿಂತು ದುಡ್ಡು ಮಾಡಿದ್ದು ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದ್ರೆ ಅವರ ದೊಡ್ಡತನ ಎಲ್ಲಿ? ಸಾಲದ ಖಾತೆಯಲ್ಲಿ ಸಿಕ್ಕಿಬಿದ್ದ, ಅಕ್ಷರ ಬಾರದ ರೈತನನ್ನು ಕಣ್ಣಮುಂದೆ ಇಟ್ಟುಕೊಂಡು ವಿಜ್ಞಾನ ಮಾಡಿದ್ದರಲ್ಲಿ ಇದೆ. ಆ ರೈತನ ಹಿತ್ತಲಲ್ಲಿ ಏನಿದೆಯೋ ಅದರಿಂದಲೇ ಶುರುಮಾಡಿದರು.

ಉಳಿಸಿದ್ದು, ಬಿಟ್ಟುಹೋಗಿದ್ದು

ಕಾರ್ವರ್ ಮದುವೆ ಆಗಲಿಲ್ಲ. ಹಳೇ ಕೋಟು, ಅದರ ಗುಂಡಿಯ ತೂತಿಗೆ ಒಂದು ಹೂವು, ಇಷ್ಟೇ ಅವರ ಅಲಂಕಾರ. ಉಳಿಸಿದ ಸುಮಾರು 60,000 ಡಾಲರನ್ನು ಟಸ್ಕೀಗಿಯಲ್ಲಿ ಕೃಷಿ ಸಂಶೋಧನೆಗೆ ಅಂತ ಬರೆದುಕೊಟ್ಟರು. 1943ರ ಜನವರಿ 5ರಂದು ತೀರಿಕೊಂಡರು. ಬೂಕರ್ ವಾಷಿಂಗ್ಟನ್ ಸಮಾಧಿ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು. ಅದೇ ವರ್ಷ ಜುಲೈನಲ್ಲಿ ಡೈಮಂಡಿನ ಆ ಹೊಲವನ್ನು ಅಮೆರಿಕ ಸರ್ಕಾರ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿತು. ಕಪ್ಪು ವ್ಯಕ್ತಿಯೊಬ್ಬರ ಹೆಸರಲ್ಲಿ ಆ ದೇಶ ಮಾಡಿದ ಮೊದಲ ರಾಷ್ಟ್ರೀಯ ಸ್ಮಾರಕ ಅದು. ನೆಲಮಾಳಿಗೆಯಲ್ಲಿ ಊಟ ಬಡಿಸಿದ ಏಮ್ಸ್ ಕಾಲೇಜು ಇವತ್ತು ವಿಶ್ವವಿದ್ಯಾಲಯ. ಅಲ್ಲಿ ಕಾರ್ವರ್ ಹೆಸರಿನ ಕಟ್ಟಡವೇ ಇದೆ.

ಪಿಯುಸಿ ಮುಗಿಸಿ ಕೃಷಿ, ಪಶುವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕೋ ಮಕ್ಕಳು ನಮ್ಮ ತಾಲೂಕಿನಲ್ಲೂ ಇದ್ದಾರೆ. ಡಿಗ್ರಿ ಮುಗಿಸಿ ಯಾವ ಕಡೆ ಹೋಗೋದು ಅನ್ನೋದು ಅವರವರ ಮನೆಯ ಕಷ್ಟಸುಖಕ್ಕೆ ಬಿಟ್ಟಿದ್ದು. ಕಾರ್ವರ್ ಮಾತ್ರ ಗಿಡಮನೆ ಬಿಟ್ಟು ಕೊರಕಲು ಬಿದ್ದ ಹೊಲಗಳ ಕಡೆ ಹೋದರು. ಮುಂದಿನ ಸಲ ಪೀನಟ್ ಬಟರ್ ಫೋಟೋ ನಿಮ್ಮ ಗ್ರೂಪಿಗೆ ಬಂದರೆ, ಕೆಳಗೆ ಜೆಸಪ್ ಗಾಡಿ ವಿಷಯ ಒಂದೆರಡು ಸಾಲು ಬರೆದುಬಿಡಿ.